ಡಿ ಡ್ರೈವಿಗೆ ಬಿದ್ದ ಸುಣ್ಣ

ಬಣಕಲ್ಲಿನಲ್ಲಿ ಬಸ್ಸಿಳಿದು ದೇವೇಂದ್ರನ ಅಂಗಡಿ ಎಲ್ಲಿ ಅಂತ ಕೇಳಿ ನೋಡಿ. ಮನುಷ್ಯರ ಮಾತು ಬಿಡಿ, ಹೆದ್ದಾರಿ ಮೇಲೆ ಮಲಗಿರುವ ದನ ಕೂಡ ಎದ್ದು ನನ್ನ ಬಾಗಿಲ ಕಡೆ ಮುಖ ಮಾಡುತ್ತದೆ. ಪಂಕ್ಚರ್ ಹಾಕುವವನಿಗೂ ಕೋಳಿ ಅಂಗಡಿಗೂ ನಡುವೆ ಒಂದು ಬಾಗಿಲಿನ ಕೋಣೆ. ಕಂಪ್ಯೂಟರ್, ಪ್ರಿಂಟರ್, ಮೊಬೈಲು, ಕಾಫಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ, ಎಲ್ಲ ರಿಪೇರಿ. ಕೊಟ್ಟಿಗೆಹಾರದಿಂದ ಕುದುರೆಮುಖದವರೆಗೆ ನನ್ನ ಕೈ ತಾಗದ ಕಂಪ್ಯೂಟರ್ ಇದೆ ಅಂದರೆ ಅದು ಇನ್ನೂ ರಟ್ಟಿನ ಪೆಟ್ಟಿಗೆಯಿಂದ ಹೊರಗೆ ಬಂದಿಲ್ಲ ಅಂತಲೇ ಅರ್ಥ. ಸತ್ತು ಹೋಗಿದೆ ಅಂತ ತಂದಿಟ್ಟ ಒಂದು ಕಂಪ್ಯೂಟರ್, ನಾನು ಒಳಗೆ ಕಾಲಿಟ್ಟ ಸದ್ದಿಗೇ ಎದ್ದು ಕೂತದ್ದುಂಟು. ಸಾಕ್ಷಿ ಬೇಕಾದರೆ ಕೋಳಿ ಅಂಗಡಿಯವನಿದ್ದಾನೆ.

ವಿಂಡೋಸ್ ಹತ್ತರ ಕಾಲ ಮುಗಿಯಿತು, ಹನ್ನೊಂದು ಹಳೇ ಲ್ಯಾಪ್‌ಟಾಪಿಗೆ ಏರುವುದಿಲ್ಲ ಅಂತ ಆದಾಗ ಈ ಗುಡ್ಡದ ಜನ ಕಂಗಾಲಾದರು. ಆಗ ವಿಂಡೋಸಿನ ಬದಲು ಬಿಟ್ಟಿಯಾಗಿ ಸಿಗುವ ಲಿನಕ್ಸನ್ನು ಪೆನ್ ಡ್ರೈವಿಗೆ ತುಂಬಿ ಜೇಬಿಗೆ ಹಾಕಿಕೊಂಡು ಎಸ್ಟೇಟಿಂದ ಎಸ್ಟೇಟಿಗೆ ಹೋದವನು ನಾನು. ಡಿಸ್ಕ್ ಒಂದೇ, ಅದರೊಳಗೆ ಗೆರೆ ಎಳೆದು ಭಾಗ ಮಾಡಿರುತ್ತಾರೆ. ಆ ಒಂದೊಂದು ಭಾಗಕ್ಕೆ ಪಾರ್ಟಿಷನ್ ಅನ್ನುತ್ತೇವೆ. ಸಿ ಅನ್ನುವ ಭಾಗದಲ್ಲಿ ವಿಂಡೋಸ್ ಕೂತಿರುತ್ತದೆ. ಡಿ ಅನ್ನುವ ಭಾಗದಲ್ಲಿ ಮನೆಯವರ ಫೋಟೋ, ಹಾಡು, ಮದುವೆ ವಿಡಿಯೋ. ಸಿ ಭಾಗವನ್ನು ತೊಳೆದು ಅಲ್ಲಿ ಹೊಸ ಸಿಸ್ಟಮ್ ಕೂರಿಸಬೇಕು, ಡಿ ಭಾಗದ ಕೂದಲೂ ಕೊಂಕಬಾರದು. ಬೇರೆಯವರಿಗೆ ಬೆವರು ಬರುವ ಕೆಲಸ. ನಾನು ಇದನ್ನು ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಮುಗಿಸಿದವನು.

ಡಿಸೆಂಬರಿನಲ್ಲಿ, ಕಾಫಿ ಹಣ್ಣಿನ ಕೊಯ್ಲು ಜೋರಾಗಿದ್ದಾಗ, ನಿಖಿತಾಳ ಫೋನ್ ಬಂತು. ಸಂಸೆ ಹತ್ತಿರ ವೀರೇಂದ್ರ ಸಾವ್ಕಾರರ ಎಸ್ಟೇಟಿನಲ್ಲಿ ಪರಮೇಶ್ವರಪ್ಪ ಅಂತ ರೈಟರು ಇದ್ದಾರೆ, ಆಳುಕಾಳು, ತೋಟದ ಕೆಲಸ ಎಲ್ಲ ಅವರ ಉಸ್ತುವಾರಿ. ನಿಖಿತಾ ಅವರ ಒಬ್ಬಳೇ ಮಗಳು. ಹಾಸ್ಟೆಲಿನಲ್ಲಿದ್ದುಕೊಂಡು ಎಂ.ಎಸ್ಸಿ. ಕೊನೇ ವರ್ಷ ಓದುತ್ತಿದ್ದಳು. ಲ್ಯಾಪ್‌ಟಾಪನ್ನು ಊರಲ್ಲಿ ಬಿಟ್ಟು ಹೋಗಿದ್ದಳು.

"ದೇವಣ್ಣ, ನಾನು ಶನಿವಾರ ಸಂಜೆ ಬರೋದ್ರೊಳಗೆ ಲಿನಕ್ಸ್ ಹಾಕಿರ್ತೀಯಾ? ನಮ್ಮ ಸದ್ದು ಬಿಡಿಸೋ ಪ್ರೋಗ್ರಾಮ್ ವಿಂಡೋಸಲ್ಲಿ ಓಡ್ತಾನೇ ಇಲ್ಲ. ಆದ್ರೆ ಡಿ ಡ್ರೈವ್ ಮುಟ್ಟಬಾರದು. ಅದರಲ್ಲಿ ನನ್ನ ಕಪ್ಪೆಗಳಿವೆ."

"ಕಪ್ಪೆ ಯಾಕೆ ಡ್ರೈವಲ್ಲಿ ಇಟ್ಟೆ ಮಾರಾಯ್ತಿ, ಕೆರೇಲಿ ಜಾಗ ಸಾಕಾಗ್ಲಿಲ್ವಾ?"

"ಕಪ್ಪೆ ಕೂಗು. ಎರಡು ಮಳೆಗಾಲ ನಿಂತು ರೆಕಾರ್ಡ್ ಮಾಡಿದ್ದು. ಇನ್ನೊಂದು ಕಾಪಿ ಇದ್ದ ಹಾರ್ಡ್ ಡಿಸ್ಕು ಹಳ್ಳ ದಾಟುವಾಗ ನೀರಿಗೆ ಬಿತ್ತು. ಇದೂ ಹೋದ್ರೆ ನನ್ನ ಪ್ರಾಜೆಕ್ಟ್ ಇಲ್ಲ. ಕಪ್ಪೆ ಮತ್ತೆ ಕೂಗೋದು ಮುಂದಿನ ಮಳೆಗೆ, ನಾನು ಒಪ್ಪಿಸಬೇಕಾದ್ದು ಸಂಕ್ರಾಂತಿ ಕಳೆದ ಕೂಡ್ಲೆ. ಒಂದು ವರ್ಷ ಹೋಗ್ತದೆ."

"ನಾನು ಇದುವರೆಗೆ ಪಾರ್ಟಿಷನ್ ಮಾಡಿದ ಡಿಸ್ಕುಗಳನ್ನ ಸಾಲಾಗಿ ಜೋಡಿಸಿದ್ರೆ ಮಂಗಳೂರು ಸಮುದ್ರ ಮುಟ್ತದೆ ನಿಖಿತಾ. ಒಂದು ಅಕ್ಷರ ಕಳೆದದ್ದು ತೋರಿಸು."

"ತೋರಿಸೋಕೆ ಉಳಿದಿದ್ರಲ್ವಾ. ಮೊದಲು ಡಿ ಕಾಪಿ ಮಾಡ್ಕೋ, ಆಮೇಲೆ ಬಾಕಿ ಕೆಲಸ."

ಆಗಲಿ ಅಂದೆ. ಬ್ಯಾಗಿಗೆ ಒಂದು ಖಾಲಿ ಹಾರ್ಡ್ ಡಿಸ್ಕನ್ನೂ ಹಾಕಿಕೊಂಡೆ.

ಶನಿವಾರ ಬೆಳಿಗ್ಗೆ ಕಳಸದಲ್ಲಿ ಇಳಿದು, ಇನ್ನೊಬ್ಬನಿಗೆ ಜಾಗವಿಲ್ಲದ ಜೀಪಿನಲ್ಲಿ ಇನ್ನೂ ಹತ್ತು ಜನರ ಜೊತೆ ನೇತಾಡಿಕೊಂಡು ಸಂಸೆ ಮುಟ್ಟಿದೆ. ರೈಟರು ಕ್ವಾರ್ಟರ್ಸಿನ ಬಾಗಿಲಲ್ಲೇ ಕಾಯುತ್ತಿದ್ದರು. ಸಣಕಲು ಆಳು, ಇಸ್ತ್ರಿ ಮಾಡಿದ ಖಾಕಿ ಶರ್ಟು, ಕಿವಿಯ ಮೇಲೆ ಪೆನ್ಸಿಲ್. ಅವರ ಹೆಂಡತಿ ಅಣ್ಣಮ್ಮ ಕಡುಬು, ಕಾಯಿಚಟ್ನಿ ತಂದಿಟ್ಟರು. ನಾನು ತಿಂದದ್ದು ಎಷ್ಟು ಅಂತ ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೇ ಹೇಳುವುದಿಲ್ಲ.

ಕಾಪಿ ಹಾಕಲು ಹೋದೆ. ಆ ಲ್ಯಾಪ್‌ಟಾಪ್ ಎಷ್ಟು ನಿಧಾನ ಅಂದರೆ, ಪರದೆಯ ಮೇಲೆ 'ಇನ್ನೂ ಆರು ಗಂಟೆ' ಅಂತ ತೋರಿಸಿತು. ಆರು ಗಂಟೆ ಕೂರುವ ಜನ್ಮ ನನ್ನದಲ್ಲ. ಕೂತರೆ ನನ್ನ ಮೊಣಕಾಲು ತಾನಾಗಿ ಅಲ್ಲಾಡಲು ಶುರುವಾಗುತ್ತದೆ, ಕಪ್ಪಿನ ಕಾಫಿ ತಟ್ಟೆಗೆ ಚೆಲ್ಲುತ್ತದೆ. ಅಲ್ಲದೆ ಕಾಪಿ ಮಾಡಿಕೊಳ್ಳುವುದು ಕೈ ನಡುಗುವವರ ಕೆಲಸ. ನಿಲ್ಲಿಸಿದೆ. ಪೆನ್ ಡ್ರೈವ್ ಚುಚ್ಚಿ ಸೀದಾ ಪಾರ್ಟಿಷನ್ ಪಟ್ಟಿ ತೆರೆದೆ.

ರೈಟರು ಪಕ್ಕದಲ್ಲಿ ಮೊಣಕೈ ಊರಿ ಕೂತರು. ಪರದೆಯಲ್ಲಿ ಸಾಲುಸಾಲಾಗಿ ಭಾಗಗಳು, ಪ್ರತಿ ಸಾಲಿನ ಕೊನೆಗೆ ಒಂದು ಸಣ್ಣ ಚೌಕ. ಯಾವ ಭಾಗವನ್ನು ಅಳಿಸಿ ಹೊಸದು ಮಾಡಬೇಕೋ ಅದರ ಚೌಕಕ್ಕೆ ಗುರುತು ಹಾಕಬೇಕು. ನಾನು ಸಿ ಭಾಗದ ಚೌಕಕ್ಕೆ ಹಾಕಿದೆ. ಡಿ ಭಾಗವನ್ನು ಹೊಸ ಸಿಸ್ಟಮಿಗೆ ಪರಿಚಯ ಮಾಡಿಕೊಟ್ಟು ಅದರ ಚೌಕ ಖಾಲಿ ಬಿಟ್ಟೆ. ಇನ್ನು ಕೆಳಗಿನ ಬಟನ್ ಒತ್ತುವುದೊಂದೇ ಬಾಕಿ.

"ಈ ಗುರುತು ಏನು ಮಾರಾಯ?" ಅಂದರು ರೈಟರು.

"ಆ ಗುರುತೇ ಎಲ್ಲ, ರೈಟ್ರೇ. ಅದರ ಮೇಲೇ ನಿಂತಿರೋದು ಇಡೀ ಕೆಲಸ," ಅಂದೆ.

ಅಷ್ಟರಲ್ಲಿ ಜೇಬಿನ ಫೋನು ಒಂದು ಸಲ ನಡುಗಿ ಸತ್ತಿತು. ಆ ಕ್ವಾರ್ಟರ್ಸಿನೊಳಗೆ ನೆಟ್‌ವರ್ಕ್ ಬರುವುದು ಕಳ್ಳನ ಹಾಗೆ, ಇಣುಕಿ ಹೋಗುವುದಕ್ಕೆ. ನಿಂತು ಮಾತಾಡಬೇಕಾದರೆ ಕಾಫಿ ಒಣಗಿಸುವ ಕಣದ ಮೂಲೆಗೇ ಹೋಗಬೇಕು. ಬಣಕಲ್ಲಿನಿಂದ ಯಾರದೋ ಪ್ರಿಂಟರ್ ತಗಾದೆ ಇರಬೇಕು ಅಂತ ಎದ್ದೆ.

"ಇದನ್ನ ಸ್ವಲ್ಪ ನೋಡ್ಕೊಂಡಿರಿ. ಮಗಳ ಕಪ್ಪೆ ಉಳೀಬೇಕು," ಅಂತ ಹೇಳಿ ಹೊರಗೆ ಓಡಿದೆ.

ಕಣದ ಮೂಲೆಯಲ್ಲಿ ಸುಮಾರು ಹೊತ್ತು ಮಾತಾಡಿದೆ. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ, ಹರವಿದ ಕಣದಲ್ಲಿ ದಾಪುಗಾಲು ಹಾಕುತ್ತ, ಅತ್ತ ಇತ್ತ, ಫೋನಿನಲ್ಲೇ ಒಂದು ಪ್ರಿಂಟರನ್ನು ಗುಣ ಮಾಡಿದೆ. ವಾಪಸ್ ಬಂದಾಗ ರೈಟರು ಗೋಡೆಗೆ ಒರಗಿ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರು. ನಾನು ನಿಂತುಕೊಂಡೇ ಬಟನ್ ಒತ್ತಿದೆ. ಒಂದು ಎಚ್ಚರಿಕೆಯ ಪೆಟ್ಟಿಗೆ ಬಂತು, ಅದರ ತುಂಬಾ ಇಂಗ್ಲಿಷು. ಅಂಥ ಪೆಟ್ಟಿಗೆಗಳನ್ನು ಓದುತ್ತ ಕೂತಿದ್ದರೆ ನಾನು ಇವತ್ತು ದೇವೇಂದ್ರ ಆಗುತ್ತಿರಲಿಲ್ಲ. ಮುಂದೆ ಅಂತ ಒತ್ತಿದೆ. ನೀಲಿ ಗೆರೆ ಓಡಲು ಶುರುವಾಯಿತು.

"ಒಂದು ಗುರುತು ಮರೆತಿದ್ದೆ ನೀನು," ಅಂದರು ರೈಟರು ಕಪ್ಪಿನೊಳಗಿಂದ. "ನಾನು ಹಾಕಿದೆ."

"ಯಾವ ಗುರುತು?"

"ಡಿ ಸಾಲಿಗೆ. ನೀನು ಸಿ ಸಾಲಿಗೆ ಮಾತ್ರ ಹಾಕಿ ಎದ್ದು ಹೋದೆ. ಉಳಿಸಬೇಕಾದ್ದು ಡಿ ಅಲ್ವಾ. ಎರಡೂ ಇರ್ಲಿ ಅಂತ ಅದಕ್ಕೂ ಹಾಕಿದೆ."

ಈ ಮಾತು ಅರ್ಥವಾಗಬೇಕಾದರೆ ನೀವು ಆ ತೋಟದ ಮರಗಸಿ ನೋಡಬೇಕು. ನೆರಳಿನ ಮರ ಸವರುವ ಕೆಲಸಕ್ಕೆ ಮರಗಸಿ ಅನ್ನುತ್ತಾರೆ. ಬೇರೆ ತೋಟಗಳಲ್ಲಿ ತೆಗೆಯುವ ಮರಕ್ಕೆ ಗುರುತು ಹಾಕಿ ಹೋಗುತ್ತಾರೆ, ಹಿಂದಿನಿಂದ ಕತ್ತಿಯವರು ಬರುತ್ತಾರೆ. ವೀರೇಂದ್ರ ಸಾವ್ಕಾರರ ತೋಟದಲ್ಲಿ ಉಲ್ಟಾ. ಅಲ್ಲಿ ಉಳಿಯುವ ಮರಕ್ಕೆ ಸುಣ್ಣ. ಕಡಿಯುವ ಮರಕ್ಕೆ ಯಾಕೆ ಸುಣ್ಣ ದಂಡ ಮಾಡಬೇಕು, ಉಳಿಯುವ ಮರಕ್ಕೆ ಬಳಿದರೆ ಗುರುತೂ ಆಯಿತು, ಬುಡಕ್ಕೆ ಹುಳವೂ ಹತ್ತುವುದಿಲ್ಲ ಅಂತ ದೊಡ್ಡ ಸಾವ್ಕಾರರ ಕಾಲದ ಲೆಕ್ಕಾಚಾರ. ಹಾಗಾಗಿ ರೈಟರ ಕಣ್ಣಿಗೆ, ಗುರುತು ಇದ್ದದ್ದು ಬದುಕಿತು, ಗುರುತಿಲ್ಲದ್ದು ನೆಲಕ್ಕೆ.

ನಾನು ಹಾರಿದೆ. ನಿಂತಲ್ಲಿಂದ ಗೋಡೆಯ ಪ್ಲಗ್ಗಿಗೆ ಒಂದೇ ನೆಗೆತ, ಮಧ್ಯೆ ನೆಲ ಮುಟ್ಟಲಿಲ್ಲ. ವಯರ್ ಕಿತ್ತೆ. ಆ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿದ್ದರಿಂದ ಪರದೆ ಆ ಕ್ಷಣವೇ ಕಪ್ಪಾಯಿತು.

"ಯಾಕೆ?" ಅಂದರು ರೈಟರು.

"ನಮ್ಮಲ್ಲಿ ಗುರುತು ಹಾಕೋದು ಕಡಿಯೋ ಮರಕ್ಕೆ, ರೈಟ್ರೇ."

ಅವರು ಕಪ್ಪನ್ನು ಕೆಳಗಿಟ್ಟರು. ಕೂತಲ್ಲಿಂದ ಎದ್ದರು. ಮತ್ತೆ ಕೂತರು. ಕಿವಿಯ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿದರು, ಜೇಬಿನಿಂದ ತೆಗೆದು ಕಿವಿಗೆ ಇಟ್ಟರು. "ಕಪ್ಪೆ?" ಅಂದರು.

"ಡಿ ಅಳಿದಿದೆ."

"ನೀನು ಕಾಪಿ ಮಾಡ್ಕೊಂಡಿದ್ದೀಯಲ್ಲ? ಅವಳು ಹೇಳಿದ್ಲಲ್ಲ."

ಆ ಪ್ರಶ್ನೆಗೆ ಉತ್ತರ ಕೊಡುತ್ತ ಹೊತ್ತು ಕಳೆಯುವ ಸಮಯ ಅದಲ್ಲ, ಕೆಲಸ ಮುಖ್ಯ. ಬ್ಯಾಗ್ ಬಿಚ್ಚಿದೆ. ಖಾಲಿ ಹಾರ್ಡ್ ಡಿಸ್ಕ್ ಹೊರಗೆ ತೆಗೆದೆ. ನನ್ನ ಇನ್ನೊಂದು ಪೆನ್ ಡ್ರೈವಿನಲ್ಲಿ ಅಳಿದ ಫೈಲುಗಳನ್ನು ಕೆದಕಿ ತೆಗೆಯುವ ಪ್ರೋಗ್ರಾಮ್ ಇದೆ. ಅದರಲ್ಲಿ ನಾನು ಏನೇನು ವಾಪಸ್ ತಂದಿದ್ದೇನೆ ಅಂದರೆ, ಇಟ್ಟವರಿಗೇ ಮರೆತುಹೋದದ್ದನ್ನೂ ತಂದು ಸಂಸಾರದಲ್ಲಿ ಜಗಳ ಹಚ್ಚಿದ್ದೇನೆ.

"ನೋಡಿ ರೈಟ್ರೇ, ನಿಮ್ಮ ಗೋಡೌನಲ್ಲಿ ಮೂಟೆ ಮೇಲೆ ಬರೆದಿರ್ತೀರಲ್ಲ, ಇದು ರೋಬಸ್ಟಾ, ಇದು ಅರೇಬಿಕಾ, ಇದು ಇಂಥ ಬ್ಲಾಕಿಂದು ಅಂತ. ಯಾರೋ ಬಂದು ಆ ಬರಹ ಮಾತ್ರ ಒರೆಸಿ ಹೋದ ಹಾಗೆ ಇದು. ಕಾಫಿ ಒಳಗೇ ಇದೆ. ಹೊಸ ಮೂಟೆ ತಂದು ಅದರ ಮೇಲೆ ಒಟ್ಟದಿದ್ರೆ ಸಾಕು."

"ಎಲ್ಲಾ ಸಿಗ್ತದಾ?"

"ಸಿಗ್ತದೆ. ಆದ್ರೆ ಹೆಸರು ಸಿಗಲ್ಲ. ಯಾವುದು ಯಾವ ಕಪ್ಪೆ ಅಂತ ಒಂದೊಂದೇ ಬಿಚ್ಚಿ ನೋಡ್ಬೇಕು."

ರೈಟರ ಮುಖಕ್ಕೆ ಅರ್ಧ ಜೀವ ಬಂತು. ಪ್ರೋಗ್ರಾಮ್ ಹಚ್ಚಿದೆ. ಪರದೆಯ ಮೇಲೆ ಸಂಖ್ಯೆಗಳು ಹರಿದವು, ಸದ್ದಿನ ಫೈಲು ಒಂದು, ಮೂರು, ಎಂಟು. ಇಬ್ಬರೂ ಉಸಿರು ಬಿಡದೆ ನೋಡಿದೆವು. ನಲವತ್ತರ ಹತ್ತಿರ ಬಂದಾಗ ಕರೆಂಟ್ ಹೋಯಿತು.

ಸತ್ತ ಬ್ಯಾಟರಿಯ ಲ್ಯಾಪ್‌ಟಾಪಿಗೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರು. ಕರೆಂಟ್ ಬಂತು, ಹಚ್ಚಿದೆ. ಈ ಸಲ ಅರುವತ್ತಕ್ಕೆ ಹೋಯಿತು. ರೈಟರು ಅಂಗಳಕ್ಕೆ ಹೋಗಿ ಕಂಬ ನೋಡಿದರು, ಒಳಗೆ ಬಂದು ಬಲ್ಬು ನೋಡಿದರು, ಮತ್ತೆ ಅಂಗಳಕ್ಕೆ ಹೋದರು. ನಾನು ಕಣ ಸುತ್ತುತ್ತಿದ್ದೆ. ಆ ಮಧ್ಯಾಹ್ನ ನಾನು ನಡೆದ ದೂರವನ್ನು ನೇರ ಮಾಡಿದರೆ ಕುದುರೆಮುಖದ ನೆತ್ತಿ ಹತ್ತಿ ಇಳಿದು ಇನ್ನೊಮ್ಮೆ ಹತ್ತಬಹುದಿತ್ತು. ಆ ಕಣದಲ್ಲಿ ನನ್ನ ಕಾಲಿನ ಹಾದಿ ಬಿದ್ದು, ಪಾರ್ಚ್‌ಮೆಂಟ್ ಕೆದಕುವ ಹೆಂಗಸು, "ಅಣ್ಣ, ಮೆಟ್ಟಬೇಡಿ ಮಾರಾಯ್ರೆ, ಅದು ಕಾಫಿ, ಕಲ್ಲಲ್ಲ," ಅಂದಳು.

"ಇದು ಹೀಗೇ ಆದ್ರೆ ಅವಳು ಬರೋ ಹೊತ್ತಿಗೂ ಮುಗಿಯಲ್ಲ," ಅಂದರು ರೈಟರು. "ಐದರ ಜೀಪಿಗೆ ಕಳಸದಿಂದ ಹೊರಡ್ತಾಳೆ."

"ಅವಳಿಗೆ ನಾನು ಹೇಳ್ತೀನಿ ಬಿಡಿ. ತೇವಕ್ಕೆ ಡಿಸ್ಕಿಗೆ ಫಂಗಸ್ ಹತ್ತಿತ್ತು, ತಾನಾಗೇ ಅಳಿಯೋದ್ರಲ್ಲಿತ್ತು, ದೇವೇಂದ್ರ ಸಮಯಕ್ಕೆ ಬಂದು ಹಿಡ್ಕೊಂಡ. ನೀವು ಬಾಯಿ ಬಿಡದಿದ್ರೆ ಸಾಕು."

"ಡಿಸೆಂಬರಲ್ಲಿ ಫಂಗಸ್ಸಾ?"

"ಕಪ್ಪೆ ಕೂಗಿದ ಡಿಸ್ಕಲ್ವಾ, ಒಳಗೆ ಒದ್ದೆ."

ಅವರು ನಗಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಕಡೆ ನೋಡಿದರು. "ಇವತ್ತು ಪಲ್ಪಿಂಗ್ ಇದೆ. ಹಣ್ಣು ಇಳಿಯೋ ಹೊತ್ತಿಗೆ ಜನರೇಟರ್ ಹಾಕ್ತೇವೆ. ಅಲ್ಲಿ ಕರೆಂಟ್ ಹೋಗಲ್ಲ."

ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಆಗಷ್ಟೇ ಹುಟ್ಟಿದ ಕೂಸಿನ ಹಾಗೆ ಎದೆಗಿಟ್ಟುಕೊಂಡು ಪಲ್ಪರ್ ಮನೆಗೆ ಹೋದೆವು. ಸಂಜೆ ಕೊಯ್ಲಿನವರು ಬಂದು ಚೀಲ ಸುರಿದರು. ಕೆಂಪು ಹಣ್ಣು ತೊಟ್ಟಿಗೆ ಬಿತ್ತು, ಜನರೇಟರ್ ಗುಡುಗಿತು, ಪಲ್ಪರ್ ತಿರುಗಿತು, ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ಕಿಟಕಿಯ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಪ್ರೋಗ್ರಾಮ್ ಹಚ್ಚಿದೆ. ಸಂಖ್ಯೆ ನಲವತ್ತು ದಾಟಿತು, ಅರುವತ್ತು ದಾಟಿತು, ನೂರು ದಾಟಿತು. ರೈಟರ ಒಂದು ಕಣ್ಣು ಹಣ್ಣಿನ ಮೇಲೆ, ಒಂದು ಕಣ್ಣು ಪರದೆಯ ಮೇಲೆ. ಹಣ್ಣಿನ ರಾಶಿ ಕರಗುತ್ತಿತ್ತು. ಹಣ್ಣು ಮುಗಿದರೆ ಜನರೇಟರ್ ನಿಲ್ಲುತ್ತದೆ, ಅದು ನಿಂತರೆ ಮತ್ತೆ ಮೊದಲಿನಿಂದ.

"ನಿಧಾನ ಹಾಕ್ರೋ," ಅಂದರು ಅವರು ಹಣ್ಣು ತಳ್ಳುವವರಿಗೆ. ಆ ತೋಟದಲ್ಲಿ ಆ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲಿರಬೇಕು. ಆಳುಗಳು ಕೈ ನಿಲ್ಲಿಸಿ ಅವರ ಮುಖ ನೋಡಿದರು.

ಎಷ್ಟು ನಿಧಾನ ಮಾಡಿದರೂ ಹಣ್ಣು ಹಣ್ಣೇ. ಮುಗಿಯಿತು. ಪಲ್ಪರ್ ನಿಂತಿತು. ಜನರೇಟರ್ ಮಾತ್ರ ಓಡುತ್ತಿತ್ತು, ಪರದೆಯಲ್ಲಿ ಇನ್ನೂ ಮೂರರಲ್ಲೊಂದು ಪಾಲು ಕೆದಕುವುದು ಬಾಕಿ. ಆಗ ಸಾವ್ಕಾರರು ಒಳಗೆ ಬಂದರು. ಟೋಪಿ, ಗಂಬೂಟು, ಹಿಂದೆ ನಾಯಿ.

"ಏನ್ರೀ ರೈಟ್ರೇ, ಪಲ್ಪರ್ ನಿಂತು ಆಗ್ಲೇ ಹೊತ್ತಾಯ್ತು. ಜನರೇಟರ್ ಯಾರ ಮದುವೆಗೆ ಓಡ್ತಾ ಇದೆ?"

"ಸ್ವಲ್ಪ ಹೊತ್ತು ಇರ್ಲಿ ಸಾವ್ಕಾರ್ರೇ."

"ಯಾಕೆ?"

ನಾನು ಮುಂದೆ ಬಂದೆ. "ಸರ್, ಅದು ಏನಂದ್ರೆ, ಡಿಸ್ಕಿಗೆ ತೇವ ಹಿಡಿದು..."

"ನೀನು ಸುಮ್ನಿರು ದೇವೇಂದ್ರ. ನಮ್ಮ ಆಫೀಸ್ ಪ್ರಿಂಟರ್ ತಗೊಂಡು ಹೋದವನು ಅದನ್ನ ಏನು ಬಾಣಂತನಕ್ಕೆ ಇಟ್ಟಿದ್ದೀಯಾ?" ಅಂತ ನನ್ನ ಬಾಯಿ ಮುಚ್ಚಿಸಿ, ಜನರೇಟರ್ ಹತ್ತಿರ ನಿಂತವನಿಗೆ ಕೈ ತೋರಿಸಿದರು. ಆಫ್ ಮಾಡು ಅನ್ನುವ ಸನ್ನೆ.

ರೈಟರು ಜನರೇಟರಿಗೂ ಆ ಆಳಿಗೂ ನಡುವೆ ಹೋಗಿ ನಿಂತರು.

"ನಾನು ತಪ್ಪು ಗುರುತು ಹಾಕಿದೆ ಸಾವ್ಕಾರ್ರೇ."

ಸಾವ್ಕಾರರ ಕೈ ಅಲ್ಲೇ ನಿಂತಿತು. "ನೀವಾ?"

"ನಾನೇ."

"ಯಾವ ಬ್ಲಾಕಲ್ಲಿ? ಯಾವ ಮರ ಹೋಯ್ತು? ಬೀಟೆ ಅಲ್ಲ ತಾನೇ?"

"ಮರ ಅಲ್ಲ. ಮಗಳ ಕಂಪ್ಯೂಟರಲ್ಲಿ."

ಸಾವ್ಕಾರರು ಖಾಲಿ ಚೀಲದ ಕಟ್ಟಿನ ಮೇಲೆ ಕೂತರು. ನಾಯಿಯೂ ಕೂತಿತು. ರೈಟರು ನಿಂತುಕೊಂಡೇ ಹೇಳಿದರು. ಚೌಕ, ಸಿ, ಡಿ, ಕಪ್ಪೆ, ನಾನು ಫೋನಿಗೆ ಎದ್ದು ಹೋದದ್ದು, ಉಳಿಯಲಿ ಅಂತ ಅವರು ಗುರುತು ಹಾಕಿದ್ದು. ಏನನ್ನೂ ಬಿಡಲಿಲ್ಲ. ಕಾಪಿಯ ಸಂಗತಿ ಒಂದನ್ನಾದರೂ ಬಿಡಬಹುದಿತ್ತು, ಅದನ್ನೂ ಬಿಡಲಿಲ್ಲ. ಆ ಮನುಷ್ಯನಿಗೆ ಕಥೆ ಹೇಳುವುದು ಬರುವುದೇ ಇಲ್ಲ, ಆದದ್ದನ್ನು ಆದ ಹಾಗೇ ಹೇಳುತ್ತಾರೆ.

ಸಾವ್ಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಮ್ಮಪ್ಪ ಶುರು ಮಾಡಿದ ಸುಣ್ಣ. ಆ ಡಬ್ಬದೊಳಗೂ ಹೋಯ್ತಾ?" ಅಂದವರು ನಗಲು ಶುರುಮಾಡಿ, ರೈಟರ ಮುಖ ನೋಡಿ ನಿಲ್ಲಿಸಿದರು. "ಮಗಳಿಗೆ ಹೇಳಿದ್ರಾ?"

"ಇಲ್ಲ."

"ಹೇಳಿದ್ರು," ಅಂತ ಬಾಗಿಲ ಕಡೆಯಿಂದ ಬಂತು.

ನಿಖಿತಾ. ಬೆನ್ನಿಗೆ ಬ್ಯಾಗು, ಕೂದಲ ತುಂಬಾ ಜೀಪಿನ ಧೂಳು. ಜನರೇಟರ್ ಸದ್ದಿನಲ್ಲಿ ಅವಳು ಬಂದದ್ದು ಯಾರಿಗೂ ಕೇಳಿಸಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನ ತಲೆಯಲ್ಲಿ ಫಂಗಸ್ಸಿನ ಕಥೆ ಇನ್ನೂ ಚೆನ್ನಾಗಿ ಬೆಳೆದಿತ್ತು, ಅಣಬೆ ಕೂಡ ಬಂದಿತ್ತು, ಆದರೆ ಅವಳ ಕಣ್ಣು ನೋಡಿದ ಮೇಲೆ ಅದನ್ನು ಅಲ್ಲೇ ಒಣಗಲು ಬಿಟ್ಟೆ.

"ಕಪ್ಪೆ ಉಳೀಲಿ ಅಂತಲೇ ಹಾಕಿದ್ದು ಕಣೇ," ಅಂದರು ರೈಟರು.

"ಕೇಳಿಸ್ತು ಅಪ್ಪ."

"ಬೈಯಿ."

"ಆಮೇಲೆ ಬೈತೀನಿ. ದೇವಣ್ಣ, ಎಷ್ಟು ಬಂದಿದೆ?"

ಸಂಖ್ಯೆ ತೋರಿಸಿದೆ. ಅವಳು ಬ್ಯಾಗ್ ಇಳಿಸಿ ಪರದೆಗೆ ಮುಖ ಹತ್ತಿರ ತಂದಳು. ಎಲ್ಲ ಫೈಲಿಗೂ ಒಂದೇ ನಮೂನೆ ಹೆಸರು, ಎಫ್ ಅಂತ ಒಂದು ಅಕ್ಷರ, ಮುಂದೆ ಉದ್ದ ಸಂಖ್ಯೆ. ಅವಳಿಟ್ಟ ಹೆಸರಿನಲ್ಲಿ ಊರು, ತಾರೀಖು, ಮಳೆ, ಕಪ್ಪೆಯ ಜಾತಿ ಎಲ್ಲ ಇದ್ದವಂತೆ. ಒಂದೂ ಇಲ್ಲ. ಅವಳು ಪಟ್ಟಿಯನ್ನು ಕೊನೆಯವರೆಗೆ ಸರಿಸಿ ನೋಡಿದಳು.

"ಸಂಸೇದು ನಾಲ್ಕು ಕಡೆ ಮಾಡಿದ್ದೆ. ಕುದುರೆಮುಖದ್ದು ಒಂದೇ ಕಡೆ, ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸಿನ ನೀರಿನ ತೊಟ್ಟೀದು. ಪ್ರಾಜೆಕ್ಟ್ ಇರೋದೇ ಆ ತೊಟ್ಟಿ ಮೇಲೆ. ಜನ ಬಿಟ್ಟು ಹೋದ ಮನೆ ನೀರಲ್ಲಿ ಯಾವ ಕಪ್ಪೆ ಬಂದು ಸೇರ್ತವೆ ಅಂತ. ಅದು ಸಿಗದಿದ್ರೆ ಉಳಿದದ್ದು ಇದ್ದೂ ಪ್ರಯೋಜನ ಇಲ್ಲ," ಅಂದಳು. "ಜನರೇಟರ್ ಎಷ್ಟು ಹೊತ್ತು ಇರ್ತದೆ?"

ಎಲ್ಲರೂ ಸಾವ್ಕಾರರ ಕಡೆ ನೋಡಿದೆವು. ಅವರು ಎದ್ದರು, ಪ್ಯಾಂಟು ಕೊಡವಿದರು. "ಮೇಲಿನ ಬ್ಲಾಕಿಂದ ಇನ್ನೊಂದು ಲೋಡ್ ಹಣ್ಣು ಬರೋದಿದೆ ಅಂತ ನಾನು ಅಂದ್ಕೊಂಡಿದ್ದೀನಿ. ಬಂದಿಲ್ಲ ಅಂತ ಯಾರೂ ನನಗೆ ಬಂದು ಹೇಳೋದು ಬೇಡ," ಅಂದು ನಾಯಿ ಕರೆದುಕೊಂಡು ಬಂಗಲೆಗೆ ಹೋದರು. ಬಾಗಿಲು ದಾಟಿದ ಮೇಲೆ ಅವರು ನಕ್ಕದ್ದು ಸಂಸೆ ಪೇಟೆಗೇ ಕೇಳಿಸಿರಬೇಕು.

ಕೆದಕುವುದು ಮುಗಿಯುವ ಹೊತ್ತಿಗೆ ದೀಪ ಹಚ್ಚುವ ಸಮಯ. ನಿಖಿತಾ ಹೆಡ್‌ಫೋನ್ ಹಾಕಿ ಎರಡೂ ಅಂಗೈ ಅದರ ಮೇಲೆ ಒತ್ತಿಕೊಂಡು ಒಂದೊಂದೇ ಫೈಲು ತೆರೆದಳು. ಒಂದು ಕೇಳಿದಳು, ಬಿಟ್ಟಳು. ಇನ್ನೊಂದು. ಒಂದು ಅರ್ಧಕ್ಕೇ ಗರ್ ಅಂತ ಮುರಿದಿತ್ತು. ನಾವಿಬ್ಬರೂ ಅವಳ ಹಿಂದೆ, ಮುಂದೆ, ಪಕ್ಕದಲ್ಲಿ. ಏನು ಕೇಳಿಸುತ್ತಿದೆ ಅಂತ ಗೊತ್ತಾಗದೆ ಅವಳ ಹುಬ್ಬು ನೋಡುವುದು. ನನಗೆ ತಡೆಯಲಾಗಲಿಲ್ಲ. "ಏನು ಬಂತು? ಹೇಳೇ."

"ಕೆರೆ ಏರಿ."

"ಈಗ?"

"ಗದ್ದೆ. ದೇವಣ್ಣ, ನೀನು ಅಲ್ಲಾಡಿದ್ರೆ ಈ ಕಟ್ಟೆ ಅಲ್ಲಾಡ್ತದೆ."

ಎಷ್ಟೋ ಹೊತ್ತಾದ ಮೇಲೆ ಅವಳ ಅಂಗೈ ಸಡಿಲವಾಯಿತು. ಹಿಂದಕ್ಕೆ ಎಳೆದು ಅದನ್ನೇ ಮತ್ತೆ ಕೇಳಿದಳು. ಹೆಡ್‌ಫೋನ್ ತೆಗೆದು ಅಪ್ಪನ ಕಿವಿಗೆ ಇಟ್ಟಳು.

"ಏನಿದು?" ಅಂದರು ರೈಟರು. "ಕಪ್ಪೆ ಹಿಂದೆ ಏನೋ ಪಟಪಟ ಅಂತದೆ."

"ನಿಮ್ಮ ಕೊಡೆ. ನೀವು ನನ್ನ ಜೊತೆ ಬಂದದ್ದು ಕುದುರೆಮುಖಕ್ಕೆ ಮಾತ್ರ. ಕೊಡೆ ಮಡಚಿ ಅಂತ ಎಷ್ಟು ಸಲ ಹೇಳಿದ್ರೂ ಮೈಕು ನೆನೀತದೆ ಅಂತ ಬಿಚ್ಚೇ ಹಿಡಿದಿದ್ರಿ. ಎಲ್ಲದರಲ್ಲೂ ಹನಿ ಸದ್ದು. ನಮ್ಮ ಪ್ರಾಜೆಕ್ಟ್ ಗೈಡು ಬೇರೆ ಬೈದಿದ್ರು."

"ಮಡಚಬೇಕಿತ್ತು."

"ಮಡಚಿದ್ರೆ ಇವತ್ತು ಯಾವ ತೊಟ್ಟಿ ಅಂತ ನಾನು ಹೇಗೆ ಹೇಳ್ತಿದ್ದೆ?"

ಕೊಡೆಯ ಸದ್ದು ಇದ್ದದ್ದನ್ನೆಲ್ಲ ಒಂದು ಕಡೆ ಎಳೆದು ಹಾಕಿದಳು. ಕೆಲವು ಹೋಗಿದ್ದವು, ಕೆಲವು ತುಂಡಾಗಿದ್ದವು. ಆದರೂ ಪಟ್ಟಿ ಬೆಳೆಯುತ್ತ ಹೋಯಿತು. ಕೊನೆಗೆ ಅವಳು ಕಟ್ಟೆಗೆ ಬೆನ್ನು ಕೊಟ್ಟು ಕೂತು, "ಸಾಕು. ಪ್ರಾಜೆಕ್ಟಿಗೆ ಇಷ್ಟು ಸಾಕು," ಅಂದಳು. ರೈಟರು ಜನರೇಟರ್ ಹತ್ತಿರ ಹೋಗಿ ತಮ್ಮ ಕೈಯಾರೆ ಆಫ್ ಮಾಡಿದರು. ಆ ನಿಶ್ಶಬ್ದದಲ್ಲಿ ಅವರು ಮೂಗು ಒರೆಸಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು.

ನಾನು ಬ್ಯಾಗ್ ಹೆಗಲಿಗೆ ಹಾಕಿದೆ. ಕೊನೇ ಜೀಪು ಸಿಕ್ಕರೆ ಕಳಸ, ಕಳಸದಿಂದ ಹೇಗೋ ಬಣಕಲ್.

"ಎಲ್ಲಿಗೆ?" ಅಂದಳು ನಿಖಿತಾ.

"ಅಂಗಡಿ ಇದೆಯಲ್ಲ ಮಾರಾಯ್ತಿ. ಜನ ಸಾಲು ನಿಂತಿರ್ತಾರೆ."

"ನಾಳೆ ಭಾನುವಾರ, ಯಾರೂ ನಿಲ್ಲಲ್ಲ. ಅಷ್ಟೂ ಫೈಲಿಗೆ ಹೆಸರು ಹಾಕ್ಬೇಕು. ಒಂದೊಂದೂ ಮೊದಲಿಂದ ಕೊನೆವರೆಗೆ ಕೇಳಿ, ಯಾವ ಕಪ್ಪೆ ಯಾವಾಗ ಕೂಗ್ತು ಅಂತ ಹೇಳ್ಬೇಕು. ಒಬ್ಬಳಿಗೆ ಕಿವಿ ಸೋಲ್ತದೆ. ನೀನು ಕೂತ್ಕೊಳ್ತೀಯ."

"ನಾನಾ? ಕೂತ್ಕೊಳ್ಳೋದಾ?"

"ಕಾಪಿ ಮಾಡೋಕೆ ಆರು ಗಂಟೆ ಕೂರಕ್ಕಾಗ್ಲಿಲ್ವಲ್ಲ, ಅದೇ ಆರು ಗಂಟೆ."

ಮಾರನೇ ದಿನ ಬೆಳಿಗ್ಗೆ ಅವಳು ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನು ಮತ್ತೆರಡು ಕಡೆ ಕಾಪಿ ಮಾಡಿಟ್ಟು, ನನ್ನನ್ನೂ ಅಪ್ಪನನ್ನೂ ಹೊರಗೆ ಕಳಿಸಿ, ತಾನೇ ಒಬ್ಬಳೇ ಕೂತು ಲಿನಕ್ಸ್ ಹಾಕಿಕೊಂಡಳು. ಪೆನ್ ಡ್ರೈವ್ ನನ್ನದೇ ಅನ್ನುವುದನ್ನು ಮರೆಯಬೇಡಿ. ಆಮೇಲೆ ಕ್ವಾರ್ಟರ್ಸಿನ ನಡುಮನೆಯಲ್ಲಿ ಚಾಪೆ ಹಾಸಿ, ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅಣ್ಣಮ್ಮ ಮೊಣಕಾಲಿನ ಮೇಲೆ ಒಂದು ದಿಂಬು ಇಟ್ಟರು, ಅಲ್ಲಾಡದ ಹಾಗೆ.

ಮೊದಲನೇ ಫೈಲಿಗೇ ನನ್ನ ಕಾಲು ಜೋಮು ಹಿಡಿಯಿತು. ಮೂರನೆಯದಕ್ಕೆ ಬೆನ್ನಿನಲ್ಲಿ ಇರುವೆ ಓಡಿದ ಹಾಗೆ. ಹೊರಗೆ ಜೀಪು ಹಾರ್ನ್ ಹೊಡೆದುಕೊಂಡು ಹೋಯಿತು, ಫೋನು ಜೇಬಿನಲ್ಲಿ ಒಂದು ಸಲ ನಡುಗಿ ಸತ್ತಿತು, ಯಾರೂ ಏಳಲು ಬಿಡಲಿಲ್ಲ. ಒಂದು ಫೈಲಂತೂ ಬರೀ ಮಳೆ. ನಿಮಿಷಗಟ್ಟಲೆ ಮಳೆ, ಕೊಡೆ ಮೇಲೆ ಹನಿ, ಎಲ್ಲೋ ತೊಟ್ಟಿಗೆ ನೀರು ಇಳಿಯುವುದು, ಬೇರೇನೂ ಇಲ್ಲ.

"ಇದರಲ್ಲಿ ಕಪ್ಪೆ ಇಲ್ಲ, ಮುಂದೆ ಹಾಕು," ಅಂದೆ.

"ಇದೆ. ಒಂದೇ ಒಂದು ಸಲ ಕೂಗ್ತದೆ. ಎಲ್ಲಿ ಅಂತ ನನಗೂ ನೆನಪಿಲ್ಲ. ಕೇಳಿಸಿದ ಕೂಡ್ಲೆ ಕೈ ಎತ್ತಿ."

ರೈಟರು ಕಣ್ಣು ಮುಚ್ಚಿದರು. ನಿಖಿತಾ ತಲೆ ಬಗ್ಗಿಸಿದಳು. ನಾನು ಉಸಿರು ಹಿಡಿದೆ. ದಿಂಬಿನ ಕೆಳಗೆ ಮೊಣಕಾಲು ಅಲ್ಲಾಡಬೇಕು ಅಂತ ಕುದಿಯಿತು, ಒತ್ತಿ ಹಿಡಿದೆ. ಮಳೆ, ಮಳೆ, ಮಳೆ. ಒಂದು ಇಡೀ ಮಳೆಗಾಲ ಆ ಚಾಪೆಯ ಮೇಲೆ ಕಳೆದೆ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆಗ, ಮಳೆಯ ಒಳಗಿನಿಂದ, ಯಾರೋ ಉಗುರಿನಿಂದ ಮರಕ್ಕೆ ತಟ್ಟಿದ ಹಾಗೆ ಟಕ್ ಅಂತ ಒಂದು ಸದ್ದು.

ಮೊದಲು ಕೈ ಎತ್ತಿದವನು ನಾನು. ರೈಟರು ಮಗಳೇ ಮೊದಲು ಎತ್ತಿದ್ದು ಅಂತ ಹೇಳುತ್ತಾರೆ. ಅವರ ಕಣ್ಣು ಮುಚ್ಚಿತ್ತು.